ರೋಬೋಟಿನ ಮಂಡಿಗೆ ಬಿಟ್ಟ ಎಣ್ಣೆ

ನಲವತ್ತು ವರ್ಷ ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ರಿಪೇರಿ ಮಾಡಿದ ನಾನು ಒಂದು ಗೇಣುದ್ದದ ಗೊಂಬೆಗೆ ಸೋತಿದ್ದೇನೆ. ಹೇಳಿಕೊಳ್ಳಲು ನಾಚಿಕೆ. ಆದರೆ ಗೊಂಬೆ ತಂದವಳು ನನ್ನ ಮೊಮ್ಮಗಳು ಚಿನ್ನು ಎನ್ನುವಾಗ ಇರುವ ನಾಲ್ಕು ಹಲ್ಲೂ ಕಾಣುವಷ್ಟು ನಗು ಬರುತ್ತದೆ. ಏಳು ವರ್ಷದವಳು. ಬೇಸಿಗೆ ರಜೆಗೆಂದು ಹಾಸನದಿಂದ ನಮ್ಮೂರು ಜಾವಳಿಗೆ ಬಂದವಳು ಅಜ್ಜಿಯನ್ನೂ ದಾಟಿ ನೇರ ನನ್ನ ಹತ್ತಿರ ಓಡಿ ಬಂದಳು. ಮುದುಕನ ಜನ್ಮ ಸಾರ್ಥಕವಾಗಲು ಇನ್ನೇನು ಬೇಕು?

"ಅಜ್ಜ, ಇದು ನಿಲ್ಲಲ್ಲ, ಬೀಳುತ್ತೆ. ಅಪ್ಪ ಅಂಗಡಿಗೆ ಕೊಡ್ತೀನಿ ಅಂದ್ರು. ಬೇಡ, ನಮ್ಮಜ್ಜಂಗೆ ಬರದೇ ಇರೋ ರಿಪೇರಿನೇ ಇಲ್ಲ ಅಂದೆ."

ನನ್ನ ಕೇಡು ಶುರುವಾದದ್ದು ಅಲ್ಲಿ.

ವಸ್ತುವಿನ ಬಗ್ಗೆ ನ್ಯಾಯವಾಗಿ ಹೇಳಬೇಕು. ನೋಡಲು ಕೆಂಪು ಲಾರಿ. ಬಾಗಿಲು ಬಿಡಿಸಿದರೆ ಕೈ, ಮುಂದಿನ ಗಾಜು ತಿರುಗಿಸಿದರೆ ಎದೆ, ಹಿಂದಿನ ಚಕ್ರ ಎಳೆದರೆ ಕಾಲು. ಒಂದು ಸ್ಕ್ರೂ ಬಿಚ್ಚದೆ ಲಾರಿ ಹೋಗಿ ರೋಬೋಟು ನಿಲ್ಲುತ್ತದೆ! ಮಾಡಿದವನ ಕೈಗೆ ಮುತ್ತಿಡಬೇಕು. ಪಾದಕ್ಕೆ ಲೋಹ ಹಾಕಿ ಮಂಡಿಗೆ ಪ್ಲಾಸ್ಟಿಕ್ ಹಾಕಿದ್ದಕ್ಕೆ ಅದೇ ಕೈಗೊಂದು ಪೆಟ್ಟೂ ಕೊಡಬೇಕು. ಚಿನ್ನುವಿನ ಅಪ್ಪ, ನಮ್ಮ ಅಳಿಯ, ಇಂಥವನ್ನು ಪೆಟ್ಟಿಗೆ ಸಮೇತ ಗಾಜಿನ ಕಪಾಟಿನಲ್ಲಿ ಕೂಡಿಡುತ್ತಾನೆ. "ಇದು ಆಡೋದಕ್ಕಲ್ಲ ಮಾವ, ಇಡೋದಕ್ಕೆ" ಎನ್ನುತ್ತಾನೆ. ಕಾಡಿ ಬೇಡಿ ಪಡೆದ ಈ ಒಂದನ್ನು ಚಿನ್ನು ದಿನವಿಡೀ ತಿರುಗಿಸಿದ್ದಾಳೆ. ಕೀಲು ಸವೆಯದೆ ಇರುತ್ತದೆಯೇ? ಕಾಫಿಯೂ ರೂಪ ಬದಲಿಸುತ್ತದೆ: ಹಣ್ಣು, ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟು, ಬೀಜ, ಪುಡಿ. ಆದರೆ ಹಿಂದಕ್ಕೆ ಹಣ್ಣಾಗುವುದಿಲ್ಲ, ನಾವೂ ಆಗುವುದಿಲ್ಲ. ಹಿಂದಕ್ಕೂ ಮುಂದಕ್ಕೂ ಹೋಗಬಲ್ಲ ಇವನ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಕೆಲಸಕ್ಕೆ ಕೂತದ್ದೇ ಕೈ ತನ್ನಷ್ಟಕ್ಕೆ ಎಣ್ಣೆ ಡಬ್ಬಿಗೆ ಹೋಯಿತು. ನಮ್ಮ ಕಸುಬಿನಲ್ಲಿ ಮೊದಲು ಎಣ್ಣೆ, ಆಮೇಲೆ ಯೋಚನೆ. ಪಲ್ಪರಿನ ಕಾಯಿಲೆಯೆಲ್ಲ ಬಿಗಿತದ್ದು. ಮೂಲೆಯಲ್ಲಿ ತುಕ್ಕು ಹಿಡಿದು ಕುಳಿತು, ಕೊಯ್ಲಿನ ಹೊತ್ತಿಗೆ ಅಲ್ಲಾಡುವುದಿಲ್ಲ. ಸಡಿಲವೇ ಕಾಯಿಲೆಯಾದವನಿಗೂ ಅದೇ ಔಷಧಿ ಕುಡಿಸಿಬಿಟ್ಟೆ. ಅದುವರೆಗೆ ಗೋಡೆಗೆ ಒರಗಿಯಾದರೂ ನಿಲ್ಲುತ್ತಿದ್ದ ರೋಬೋಟು ಹೆಗಲು, ಸೊಂಟ, ಮಂಡಿ ಎಲ್ಲ ಜಾರಿ ಒದ್ದೆ ಬಟ್ಟೆಯಂತೆ ಕುಸಿಯಿತು.

"ನಿಮ್ಮ ಮಂಡಿಗೆ ದಿನಾ ಎಣ್ಣೆ ತಿಕ್ಕಿ ಏನು ಉದ್ಧಾರ ಆಯ್ತು ಅಂತ ಅದಕ್ಕೂ ಬಿಟ್ರಿ ಮಾರಾಯ್ರೆ?" ಎಂದಳು ನನ್ನ ಹೆಂಡತಿ.

ಸೋಪಿನ ನೀರಲ್ಲಿ ತೊಳೆದೆ. ಕೀಲಿನ ಉರುಟು ತುದಿಗೆ ನೂಲು ಸುತ್ತಿದೆ. ಎರಡು ಸಲ ತಿರುಗಿಸಿದಾಗ ಕಿತ್ತು ಬಂತು. ಅಳಿಯ ಫೋನಿನಲ್ಲಿ ಹೇಳಿದಂತೆ ಕೀಲು ದಪ್ಪವಾಗಿ ಬಿಗಿಯಲೆಂದು, ಮಗಳು ಇಲ್ಲೇ ಬಿಟ್ಟುಹೋಗಿದ್ದ ಉಗುರುಬಣ್ಣ ಹಚ್ಚಿ ಒಣಗಿಸಿದೆ. ಎಣ್ಣೆಯ ಪಸೆ ಹೋಗದೆ ಅದೂ ಸಿಪ್ಪೆಯಂತೆ ಎದ್ದು ಬಂತು. ಬೆಳಿಗ್ಗೆ ಎದ್ದ ಕೂಡಲೇ ಚಿನ್ನು ಅದನ್ನು ನಿಲ್ಲಿಸುವಳು. ಅದು ಬೀಳುವುದು. ಬಿದ್ದ ಗೊಂಬೆಯನ್ನು ಬಿಟ್ಟು ಅವಳು ನನ್ನ ಮುಖ ನೋಡುವಳು. ಆ ನೋಟಕ್ಕಿಂತ ಎಸ್ಟೇಟ್ ಸಾಹುಕಾರರ ಬೈಗುಳ ಎಷ್ಟೋ ವಾಸಿ. ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಲ್ಲಿ ಅವಳಿಗೆ ತೋರಿಸಲು ಇದ್ದದ್ದು ಈ ಎರಡು ಕೈ ಮಾತ್ರ. ಅವೂ ಸುಳ್ಳಾದವು.

ಐದನೆಯ ದಿನ ಯಾರಿಗೂ ಹೇಳದ ಮಾತನ್ನು ಹೇಳಿದೆ. "ನಂಗೆ ಬರಲ್ಲ ಮಗಾ."

ಅಳುತ್ತಾಳೆ ಎಂದುಕೊಂಡೆ. ಅವಳ ಕಣ್ಣು ಅರಳಿತು. "ನಿಮಗೂ ಬರಲ್ವಾ? ಹಾಗಾದ್ರೆ ನಾನೂ ಮಾಡ್ಲಾ?" ಎಂದು ಸ್ಕ್ರೂಡ್ರೈವರ್ ಕಿತ್ತುಕೊಂಡು ಪಕ್ಕದಲ್ಲೇ ಕೂತಳು. ಇಬ್ಬರೂ ಸೇರಿ ಇಡೀ ವಾರ ಆ ಬಡಪಾಯಿಯನ್ನು ಇನ್ನಷ್ಟು ಕೆಡಿಸಿದೆವು. ಅಂಥ ಸುಖದ ವಾರ ನನ್ನ ಆಯುಷ್ಯದಲ್ಲಿ ಬಂದಿರಲಿಲ್ಲ.

ಊರಿಗೆ ಹೊರಟ ದಿನ ಗೊಂಬೆಯನ್ನು ನನ್ನ ಕೈಗಿಟ್ಟು ಬೆರಳೆತ್ತಿ ಎಚ್ಚರಿಸಿದಳು: "ಅಜ್ಜ, ನಾನಿಲ್ದಾಗ ಸರಿ ಮಾಡ್ಬಿಟ್ಟೀರಿ ಮತ್ತೆ! ದಸರಾ ರಜೆಗೆ ಬರ್ತೀನಿ."

ಜನ್ಮವಿಡೀ ನನಗೆ ಸಿಕ್ಕ ಗಿರಾಕಿಗಳೆಲ್ಲ ಸಂಜೆಯೊಳಗೆ ಆಗಬೇಕು ಎಂದವರೇ. ತಡ ಮಾಡು ಎಂದವಳು ಇವಳೊಬ್ಬಳು. ನಿನ್ನೆ ಏನೋ ಹೊಳೆಯಿತು. ಕೀಲಿನೊಳಗೆ ಸೈಕಲ್ ಟ್ಯೂಬಿನ ತೆಳು ಚೂರು ಕೂರಿಸಿದರೆ ಮಂಡಿ ಖಂಡಿತ ನಿಲ್ಲುತ್ತದೆ. ಟ್ಯೂಬು ಇದೆ, ಕತ್ತರಿ ಇದೆ. ದಸರಾಕ್ಕೆ ಇನ್ನೂ ನಾಲ್ಕು ತಿಂಗಳಿದೆ. ನನಗೆ ಏನೂ ಹೊಳೆದಿಲ್ಲ.