ಅಂಕಣದ ಮೇಲಿನ ಬಣವೆ

ಸ್ನೇಹಿತರೇ, ಇಂದು ಬೆಳಿಗ್ಗೆ ಅಫಜಲಪುರದಲ್ಲಿ ನಮ್ಮ ಮೂರು ತಾಲೂಕುಗಳ ಕಬಡ್ಡಿ ಸಂಘದ ವಾರ್ಷಿಕ ಸಭೆ ನಡೆಯಿತು. ಶಾಲೆಯ ಮಾಸ್ತರನೂ ಸಂಘದ ಕಾರ್ಯದರ್ಶಿಯೂ ಆದ ನಾನು ಬೆರಳಚ್ಚು ಮಾಡಿಸಿದ್ದ ವರದಿಯನ್ನು ಓದಿದೆ: “ಆಟಗಾರರು ತುಳಿದು ಗಟ್ಟಿಮಾಡಿದ ಅಂಕಣದಲ್ಲಿ ಅಧ್ಯಕ್ಷರು ತಮ್ಮ ತೊಗರಿಯ ರಾಶಿ ಮಾಡಿದರು. ಸುಗ್ಗಿ ಮುಗಿದರೂ ತೊಗರಿಕಟ್ಟಿಗೆಯ ಬಣವೆಯನ್ನು ತೆಗೆಯಲಿಲ್ಲ. ಆದ್ದರಿಂದ ಈ ವರ್ಷ ಅಲ್ಲಿ ಒಂದು ಪಂದ್ಯವೂ ನಡೆದಿಲ್ಲ.”

ಅಧ್ಯಕ್ಷರಾದ ಗೌಡರು ಎಲೆ ಅಗಿಯುವುದನ್ನು ನಿಲ್ಲಿಸಿದರು. “ಮಾಸ್ತರ್ರ, ಮಳಿ ಹತ್ತಿ ಆಟ ನಿಂತಾವ ಅಂತ ಬರೀರಿ. ಅದು ನಮ್ಮಪ್ಪ ಸಂಘಕ್ಕ ಕೊಟ್ಟ ಜಾಗಾ.”

ಅತನೂರಿನ ತಂಡದ ನಾಯಕ ಮಹಬೂಬ ಎದ್ದು ನಿಂತ. “ಕೊಟ್ಟ ಮ್ಯಾಲ ನಿಮ್ದು ಹ್ಯಾಂಗ್ ಆಯ್ತರಿ ಗೌಡ್ರ? ನಾಳಿ ಮುಂಜಾನಿ ನಾವು ಅಲ್ಲೇ ಆಡಾಕ ಬರ್ತೇವಿ.”

“ಬಣವಿ ಅದಲೋ ಅಲ್ಲಿ?”

“ಅದನ್ನೂ ಹಿಡದು ಎಳೀತೇವ್ರಿ.”

ಬಣವೆಯ ಕುರಿತ ಸಾಲುಗಳನ್ನು ವರದಿಯಿಂದ ತೆಗೆದುಹಾಕುವಂತೆ ಗೌಡರು ನನಗೆ ಅಪ್ಪಣೆ ಮಾಡಿದರು. ಅವರು ಬಣವೆಯನ್ನು ತೆಗೆಸಿದ ದಿನವೇ ಆ ಸಾಲುಗಳನ್ನೂ ತೆಗೆಯುತ್ತೇನೆಂದು ಹೇಳಿ, ವರದಿಯನ್ನು ಇದ್ದಂತೆಯೇ ಸಭೆಯ ಒಪ್ಪಿಗೆಗೆ ಇಟ್ಟೆ. ಗೌಡರದೊಂದನ್ನು ಬಿಟ್ಟು ಎಲ್ಲ ಕೈಗಳೂ ಮೇಲೆದ್ದವು.

ಇನ್ನು ವರ್ಷದ ಉತ್ತಮ ಆಟಗಾರನ ಆಯ್ಕೆಯೊಂದು ಬಾಕಿ ಇದೆ. ಇಡೀ ವರ್ಷ ಅಂಕಣದಿಂದ ಒಮ್ಮೆಯೂ ಹೊರಬೀಳದೆ ಉಳಿದದ್ದು ಆ ಬಣವೆಯೊಂದೇ.