ಗೂಟದಣ್ಣ ಹಾಕಿದ ರಜೆ

ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ದೊಡ್ಡ ಒಲೆಯ ಮುಂದೆ ನಿಲ್ಲುವ ಅಡುಗೆಯವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಸಂಬಳದ ದಿನ ಬಿಟ್ಟರೆ ಅದು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಒಲೆಯ ಮುಂದೆ ಗೂಟ ಹೊಡೆದುಕೊಂಡು ನಿಂತವನು ಅಲ್ಲಾಡುವುದಿಲ್ಲ ಎಂದು ಯಾರೋ ಒಮ್ಮೆ ಆಡಿದ ಮಾತು ಅಂಟಿಕೊಂಡು, ಅವನು ಬೆನ್ನ ಹಿಂದೆ ಗೂಟದಣ್ಣನಾದ, ಎದುರಿಗೆ ಬರೀ ಅಣ್ಣನಾದ. ಬೆನ್ನ ಹಿಂದಿನ ಹೆಸರು ಅವನಿಗೂ ಗೊತ್ತಿತ್ತು. ಕೇಳಿ ಒಳಗೊಳಗೇ ಉಬ್ಬುತ್ತಿದ್ದ ಕೂಡ.

ಉಬ್ಬದೆ ಏನು ಮಾಡಿಯಾನು? ಜ್ವರ ಬಂದಾಗಲೂ ಬಂದವನು ಅವನು. ಹಲ್ಲು ಕೀಳಿಸಿಕೊಂಡ ದಿನ ದವಡೆಯಲ್ಲಿ ಹತ್ತಿ ಕಚ್ಚಿಕೊಂಡೇ ಕೋಳಿ ಹುರಿದಿದ್ದ. ಮಗಳು ಹುಟ್ಟಿದ ಬೆಳಿಗ್ಗೆ ಕೂಸಿನ ಮುಖ ನೋಡಿ ನೇರವಾಗಿ ಒಲೆಗೆ ಬಂದಿದ್ದ. ಇದನ್ನು ಮಗಳು ಇನ್ನೂ ಆಡಿಕೊಳ್ಳುತ್ತಾಳೆ. ಹೆಂಡತಿ ಆಡಿಕೊಳ್ಳುವುದಿಲ್ಲ, ಅಷ್ಟಕ್ಕೆ ಅವಳು ಮರೆತಿದ್ದಾಳೆ ಎಂದುಕೊಂಡರೆ ಅವನಷ್ಟು ದಡ್ಡ ಇನ್ನೊಬ್ಬನಿಲ್ಲ. ಅಡುಗೆಮನೆಯಲ್ಲಿ ಯಾರಾದರೂ ತಲೆನೋವು ಎಂದು ಮುಖ ಹಿಂಡಿಕೊಂಡು ಬಂದರೆ, ತಲೆ ಇದ್ದವರಿಗೆಲ್ಲ ನೋವು ಬರುವುದೇ, ಹೋಗಿ ಕೆಲಸ ನೋಡು ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ತಲೆ ನೋಯುತ್ತಿದ್ದವರೂ ನಗಬೇಕಾಗುತ್ತಿತ್ತು.

ಹೀಗಿರುವಾಗ ಹೊಸ ಕಾನೂನು ಬಂತು. ಹೋಟೆಲಿನಲ್ಲಿ ಆಹಾರ ಮುಟ್ಟುವ ಪ್ರತಿಯೊಬ್ಬರೂ ತರಬೇತಿಗೆ ಕೂತು, ಪರೀಕ್ಷೆ ಪಾಸು ಮಾಡಿ, ಸರ್ಟಿಫಿಕೇಟು ಪಡೆಯಬೇಕು. ಇಲ್ಲವಾದರೆ ಅಡುಗೆಮನೆಗೆ ಕಾಲಿಡುವಂತಿಲ್ಲ. ಮಾಲೀಕ ಗೊಣಗುತ್ತಲೇ ಒಂದು ಮಧ್ಯಾಹ್ನ ಬಾಗಿಲು ಹಾಕಿ, ಗಿರಾಕಿಗಳ ಕುರ್ಚಿಯಲ್ಲಿ ಕೆಲಸದವರನ್ನು ಕೂರಿಸಿದ. ಆ ಕುರ್ಚಿಗಳಲ್ಲಿ ಕೂತು ಅಭ್ಯಾಸವಿಲ್ಲದೆ ಎಲ್ಲರೂ ತುದಿಯಲ್ಲೇ ಕೂತರು.

ಪಾಠ ಹೇಳಲು ಬಂದ ಮೇಡಂ ಮೊದಲು ಎಲ್ಲರ ಕೈಗೂ ಒಂದು ಪುಡಿ ಹಚ್ಚಿಸಿ, ತೊಳೆದುಕೊಂಡು ಬನ್ನಿ ಎಂದರು. ಆಮೇಲೆ ನೀಲಿ ದೀಪದ ಕೆಳಗೆ ಹಿಡಿಸಿದರೆ, ತೊಳೆದು ಬಂದ ಉಗುರ ಸಂದುಗಳಲ್ಲೆಲ್ಲ ಪುಡಿ ಉಳಿದು ಮಿಂಚುತ್ತಿತ್ತು. ಮಾಲೀಕನ ಉಗುರೇ ಎಲ್ಲರಿಗಿಂತ ಹೆಚ್ಚು ಮಿಂಚಿದ್ದು ಕಂಡು ಅಡುಗೆಮನೆಗೆ ಬಹಳ ಖುಷಿಯಾಯಿತು. ಆಮೇಲೆ ಪಾಠ ಶುರುವಾಯಿತು. ಹಸಿ ಮಾಂಸ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ಬೆಂದದ್ದು ಮೇಲಿನ ಅರೆಯಲ್ಲಿ ಇಡಬೇಕು. ಮಾಂಸ ಕತ್ತರಿಸಿದ ಹಲಗೆಗೆ ಸೊಪ್ಪು ತಾಗಿಸಬಾರದು. ಕೊನೆಗೆ ಮೇಡಂ ಇನ್ನೊಂದು ಹೇಳಿದರು. ವಾಂತಿ ಭೇದಿಯಾದವರು ಬಾಯಿಬಿಟ್ಟು ಹೇಳಬೇಕು, ಮನೆಯಲ್ಲಿರಬೇಕು. ನಿಂತ ಮೇಲೂ ಎರಡು ದಿನ ಅಡುಗೆಮನೆಯ ಕಡೆ ಸುಳಿಯಬಾರದು, ಯಾಕೆಂದರೆ ಮನುಷ್ಯ ಚೇತರಿಸಿಕೊಂಡರೂ ರೋಗದ ಕ್ರಿಮಿ ಅವನನ್ನು ಬಿಟ್ಟು ಹೋಗಿರುವುದಿಲ್ಲ. ಇದಕ್ಕೆ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ಗೂಟದಣ್ಣ. ಪರೀಕ್ಷೆಯಲ್ಲೂ ಆ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಬರೆದ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಇಂಥ ಪರೀಕ್ಷೆಗಳನ್ನು ನೋಡಿಯೇ ಹುಟ್ಟಿರಬೇಕು. ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ ಅವನ ಸರ್ಟಿಫಿಕೇಟನ್ನೇ ಮೊದಲು ತೂಗುಹಾಕಿದರು.

ಬದನೆಕಾಯಿ ತಿನ್ನುವ ದಿನ ಬೇಗನೆ ಬಂತು. ಪ್ರವಾಸ ಹೊರಟ ಶಾಲೆಯ ಮಕ್ಕಳು ಎರಡು ಬಸ್ಸಿನಲ್ಲಿ ಮಧ್ಯಾಹ್ನ ಊಟಕ್ಕೆ ಇಳಿಯುವವರಿದ್ದರು. ಗೂಟದಣ್ಣನಿಗೆ ಬೆಳಕು ಹರಿಯುವ ಮೊದಲೇ ಹೊಟ್ಟೆ ಕೆಟ್ಟಿತ್ತು. ಬಚ್ಚಲಿಗೂ ಹಾಸಿಗೆಗೂ ಓಡಾಡಿ ಸುಸ್ತಾಗಿದ್ದರೂ ಅಂಗಿ ತೊಟ್ಟು ಹೊರಟ. ಹೆಂಡತಿ ತಡೆದು ಸೋತಳು. ತಾನಿಲ್ಲದೆ ಅಷ್ಟು ಮಕ್ಕಳಿಗೆ ಮಾಡಿ ಹಾಕುವವರು ಯಾರು ಎಂಬುದೇ ಅವನ ವಾದ.

ಹೋಟೆಲಿನ ಹಿಂಬಾಗಿಲವರೆಗೆ ಬಂದವನು, ಮೇಡಂ ಹೇಳಿದ್ದು ನೆನಪಾಗಿ ಹೊಸಿಲಾಚೆಯೇ ನಿಂತ. ಒಳಗೆ ಹೋದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಿಂದೆಯೂ ಹೊಟ್ಟೆ ಹೀಗೇ ಕೆಟ್ಟಾಗ ಹೋಗಿದ್ದ, ಸೋಪು ಹಾಕಿ ಕೈ ತೊಳೆದಿದ್ದ, ಅಡುಗೆ ಮಾಡಿದ್ದ, ಏನೂ ಆಗಿರಲಿಲ್ಲ. ಏನೂ ಆಗಿರಲಿಲ್ಲವೇ? ಅದು ಬಸ್ ನಿಲ್ದಾಣದ ಹೋಟೆಲು. ಉಂಡವರು ಕೈ ತೊಳೆದು ಬಸ್ಸು ಹತ್ತುತ್ತಾರೆ. ಹೊಟ್ಟೆ ಹಿಂಡುವ ಹೊತ್ತಿಗೆ ಇನ್ಯಾವುದೋ ಊರಿನಲ್ಲಿರುತ್ತಾರೆ. ಅಲ್ಲಿಂದ ವಾಪಸ್ಸು ಬಂದು ದೂರು ಹೇಳಿದವರು ಯಾರಿದ್ದಾರೆ? ಇಷ್ಟು ವರ್ಷದಲ್ಲಿ ಈ ಯೋಚನೆ ಒಮ್ಮೆಯೂ ತನ್ನ ತಲೆಗೆ ಬರಲಿಲ್ಲವಲ್ಲ ಎಂದು ಅವನಿಗೆ ಹೆದರಿಕೆಯಾಯಿತು.

ಮಾಲೀಕನನ್ನು ಹೊರಗೆ ಕರೆದು ಹೇಳಿದ. ಅಡುಗೆಯವನೇ ಹೊಟ್ಟೆ ಕೆಟ್ಟಿದೆ ಎನ್ನುವುದು ಅವನಿಗೆ ಮಾನ ಹೋದಷ್ಟೇ ಕಷ್ಟವಾಯಿತು. ಮಾಲೀಕನ ಮುಖ ಹುಳ್ಳಗಾಯಿತು. ಒಂದು ಮಾತ್ರೆ ನುಂಗಿ ನೋಡಬಾರದೇ ಎಂದ. ಅದಾಗದಿದ್ದರೆ ಏನನ್ನೂ ಮುಟ್ಟದೆ ಮೂಲೆಯಲ್ಲಿ ನಿಂತು ಬಾಯಲ್ಲಾದರೂ ಹೇಳಿಕೊಡು ಎಂದು ಗೋಗರೆದ.

"ಮೇಡಂ ಹೇಳಿದ್ದನ್ನ ನೀವೂ ಕೇಳಿದ್ರಲ್ಲ ಸಾರ್," ಎಂದ ಗೂಟದಣ್ಣ. "ಬರೋರು ಮಕ್ಕಳು. ನಾನು ಒಳಗೆ ಬರಲ್ಲ."

ಮನೆಗೆ ಹೋಗಿ ಮಲಗಿದ, ಆದರೆ ಕಿವಿಯೆಲ್ಲ ಫೋನಿನ ಮೇಲೆ. ಉಪ್ಪು ಎಷ್ಟು, ಉರಿ ಎಷ್ಟು ಎಂದು ಕೇಳಲು ಫೋನು ಬಂದೇ ಬರುತ್ತದೆಂದು ಕಾದ. ಬರಲಿಲ್ಲ. ಸಂಜೆ ತಾನೇ ಮಾಡಿ ಕೇಳಿದರೆ, ಎರಡನೇ ಅಡುಗೆಯವನು ಎಲ್ಲ ನಿಭಾಯಿಸಿದ, ಮಕ್ಕಳು ಚೆನ್ನಾಗಿ ಉಂಡು ಹೋದರು, ನೀನು ಆರಾಮಾಗಿ ಮಲಗು ಎಂದ ಮಾಲೀಕ. ಒಳ್ಳೆಯ ಸುದ್ದಿಯೇ. ಆದರೂ ಗೂಟದಣ್ಣ ಗೋಡೆಯ ಕಡೆ ತಿರುಗಿ ಮಲಗಿದ. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡಿದ್ದ ಮುದುಕಿಗೆ ಆದ ಸಂಕಟವೇ ಅವನಿಗೂ ಆಯಿತು. ಗಂಜಿ ತಂದಿಟ್ಟ ಹೆಂಡತಿಗೆ ಇದು ತಿಳಿಯಿತು. ಪುಣ್ಯಾತ್ಗಿತ್ತಿ, ಗಂಜಿಗೆ ಉಪ್ಪು ಸಾಕೇ ಎಂದಷ್ಟೇ ಕೇಳಿದಳು.

ಹೊಟ್ಟೆ ಸರಿಯಾಗಿ ಎರಡು ದಿನ ಕಳೆದ ಮೇಲೆ ಕೆಲಸಕ್ಕೆ ಬಂದ. ಒಲೆ ಹಚ್ಚಿ ನೀರಿಡುವಷ್ಟರಲ್ಲಿ ಪಾತ್ರೆ ತೊಳೆಯುವ ಹೆಂಗಸು ಬಂದಳು. ಅವನಷ್ಟೇ ಹಳಬಳು, ಮಾತು ಕಡಿಮೆ. ಇವತ್ತು ಒಳಗೆ ಬರದೆ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತಳು.

"ಅಣ್ಣ, ರಾತ್ರಿಯಿಂದ ನನಗೂ ಹೊಟ್ಟೆ ಸರಿ ಇಲ್ಲ," ಎಂದಳು. "ನೀವು ಹೇಳಿ ಮನೆಗೆ ಹೋದ್ರಲ್ಲ, ಅದಕ್ಕೆ ನಾನೂ ಹೇಳೋಣ ಅಂತ."

ಒಳ್ಳೆಯದೇ ಆಯಿತು, ಹೋಗಿ ಮಲಗು ಎಂದ ಅವನು. ಅವಳು ತಿರುಗಿದ ಮೇಲೆ ಏನೋ ಹೊಳೆದು, ಮತ್ತೆ ಕರೆದು ಕೇಳಿದ.

"ಮುಂಚೆ ಹೀಗಾದಾಗ ಏನು ಮಾಡ್ತಿದ್ದೆಯಮ್ಮ?"

"ಬರ್ತಿದ್ದೆ," ಎಂದಳು ಅವಳು. "ಎಲ್ರೂ ಹಾಗೇ ಬರ್ತಿದ್ವಿ. ಜ್ವರದಲ್ಲೂ ಒಲೆ ಬಿಡದೋರು ನೀವು. ನಿಮ್ಮ ಮುಂದೆ ಹೊಟ್ಟೆನೋವು ಅಂತ ಯಾವ ಮುಖ ಇಟ್ಕೊಂಡು ಹೇಳೋದು?"

ಅವಳು ದೂರುತ್ತಿರಲಿಲ್ಲ, ಗೌರವದಿಂದಲೇ ಹೇಳಿದ್ದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ. ತಾನೊಬ್ಬನೇ ಬಂದದ್ದಲ್ಲ, ತನ್ನ ಜಂಬಕ್ಕೆ ಹೆದರಿ ಕಾಯಿಲೆಯ ಕೈಗಳೆಲ್ಲ ಇಷ್ಟು ವರ್ಷ ಈ ಅಡುಗೆಮನೆಗೆ ಬಂದಿವೆ. ಬಸ್ಸು ಹತ್ತಿ ಹೋದ ಆ ಜನರನ್ನು ಹುಡುಕಿ ತಪ್ಪಾಯಿತು ಎನ್ನುವುದಕ್ಕೂ ದಾರಿಯಿಲ್ಲ.

ಒಲೆ ಸಣ್ಣ ಮಾಡಿ ಅಡುಗೆಮನೆಯ ಕಡೆ ತಿರುಗಿದ.

"ಇನ್ಯಾರಿಗಾದ್ರೂ ಮೈ ಹುಷಾರಿಲ್ವಾ? ಹಾಗಿದ್ರೆ ಹೇಳಿ, ನಾನೇನೂ ಅನ್ನಲ್ಲ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದವನು ಕೈಯಲ್ಲಿದ್ದ ಕಟ್ಟನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ನಿಂತ.