ಜಗಲಿ ಬಿಟ್ಟು ಹೋಗದ ಸೈಕಲ್

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಳೆಗಾಲದಲ್ಲಿ ಪೂವಯ್ಯ ಬಿದ್ದ. ಯುದ್ಧದಲ್ಲಿ ಬಿದ್ದಿದ್ದರೆ ಊರಲ್ಲೊಂದು ವೀರಗಲ್ಲಾದರೂ ಏಳುತ್ತಿತ್ತು. ಅವನು ಬಿದ್ದದ್ದು ಕಾಫಿ ತೋಟದಲ್ಲಿ, ನೆರಳು ಮರದ ಕೊಂಬೆ ಕಡಿಯಲು ಹತ್ತಿದ ಏಣಿಯಿಂದ, ಅದೂ ಕೆಳಗಿನ ಎರಡನೇ ಮೆಟ್ಟಿಲಿನಿಂದ. ಕಟ್ಟು ಬಿಚ್ಚಿದ ಮೇಲೂ ಬಲ ಮೊಣಕಾಲು ಕೋವಿಯ ನಳಿಗೆಯ ಹಾಗೆ ನೆಟ್ಟಗೆ ನಿಂತಿತು. ಮಡಚು ಎಂದರೆ ಒಪ್ಪಲೊಲ್ಲದು.

ಮಡಿಕೇರಿಯ ಡಾಕ್ಟರು ಬಯಲುಸೀಮೆಯಿಂದ ಹೊಸದಾಗಿ ಬಂದವರು. “ದಿನಾ ಸೈಕಲ್ ತುಳೀರಿ. ಆದರೆ ಸಮತಟ್ಟಾದ ರಸ್ತೇಲಿ ಮಾತ್ರ” ಎಂದರು. ಪೂವಯ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನ ಊರಿನಲ್ಲಿ ರಸ್ತೆ ಎಂದರೆ ಒಂದೋ ಏರು, ಇಲ್ಲ ಇಳಿತ. ಸಮತಟ್ಟು ಬೇಕೆಂದರೆ ಭತ್ತ ಬಡಿಯುವ ಕಣ, ಬಿಟ್ಟರೆ ಮನೆಯ ಜಗಲಿ.

ಸುಗ್ಗಿಯ ಹಬ್ಬ ಹುತ್ತರಿ ಹತ್ತಿರ ಬರುತ್ತಿತ್ತು. ಗದ್ದೆಗೆ ಇಳಿದು, ಮೊಣಕಾಲೂರಿ ಕೂತು, ಹೊಸ ಭತ್ತದ ಮೊದಲ ಕದಿರು ಕೊಯ್ಯುವವನು ಆ ಮನೆಯ ಹಿರಿಯ. ಅಪ್ಪ ತೀರಿಕೊಂಡಾಗಿನಿಂದ ಅದು ಪೂವಯ್ಯನ ಪಟ್ಟ. ತಮ್ಮ ಬೆಳ್ಯಪ್ಪ ಒಂದು ದಿನ ಮೆಲ್ಲಗೆ ಹೇಳಿದ: “ಅಣ್ಣ, ಈ ಸಲ ಕದಿರು ನಾನು ಕೊಯ್ತೇನೆ. ನೀನು ಕಣದಲ್ಲಿ ಕುರ್ಚಿ ಹಾಕ್ಕೊಂಡು ಕೋವಿ ಹೊಡಿ, ಸಾಕು.”

“ಕುರ್ಚಿಯಾ?” ಎಂದ ಪೂವಯ್ಯ. ಸಿಂಹಾಸನ ಕಳಕೊಂಡವನಿಗೆ ಕುರ್ಚಿ ತೋರಿಸಿದ ಹಾಗಾಯಿತು.

ಪಾಲಿಬೆಟ್ಟದ ಒಂದು ಎಸ್ಟೇಟಿನಲ್ಲಿ ತನ್ನ ಇಂಗ್ಲೆಂಡಿಗೆ ವಾಪಸು ಹೊರಟ ಬಿಳಿ ದೊರೆಯೊಬ್ಬ, ನಿಂತಲ್ಲೇ ತುಳಿಯುವ ಕಬ್ಬಿಣದ ಸೈಕಲ್ ಮಾರುತ್ತಾನೆಂದು ಸುದ್ದಿ ಬಂತು. ಪೂವಯ್ಯ ಬಸ್ಸು ಹತ್ತಿ ಹೋದ, ನೋಡಿದ, ಬೆಲೆ ಕೇಳಿದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆಯಲ್ಲಿ ಕಾಫಿ ಕುಡಿದು ವಾಪಸು ಬಂದ. ಮರುದಿನ ಆಚಾರಿಯನ್ನು ಕರೆಸಿ, ತನ್ನದೇ ಹಳೇ ಸೈಕಲಿನ ಹಿಂದಿನ ಚಕ್ರ ನೆಲ ಬಿಟ್ಟು ನಿಲ್ಲುವಂತೆ ಹಲಸಿನ ಮರದ ಸ್ಟ್ಯಾಂಡು ಮಾಡಿಸಿದ.

ಮೊದಲ ಸವಾರಿಯಲ್ಲಿ ಸ್ಟ್ಯಾಂಡು, ಸೈಕಲ್, ಸವಾರ ಮೂರೂ ಒಟ್ಟಿಗೆ ಮಗುಚಿದವು. ಸ್ಟ್ಯಾಂಡಿನ ಕಾಲು ಅಗಲವಾಯಿತು. ಆಮೇಲೆ ಪೆಡಲು ಗಾಳಿ ತುಳಿದ ಹಾಗೆ ಸುಮ್ಮನೆ ತಿರುಗತೊಡಗಿತು.

“ನೀವು ಅದನ್ನ ತುಳಿಯೋದೋ, ಅದು ನಿಮ್ಮನ್ನ ಕುಣಿಸೋದೋ?” ಎಂದಳು ಹೆಂಡತಿ ಪೊನ್ನಮ್ಮ.

ಪೂವಯ್ಯ ಕೋವಿಯ ತೊಗಲು ಪಟ್ಟಿ ಬಿಚ್ಚಿ ಚಕ್ರದ ಮೇಲೆ ಹಾಯಿಸಿ, ಒಂದು ತುದಿ ಸ್ಟ್ಯಾಂಡಿಗೆ ಕಟ್ಟಿ, ಇನ್ನೊಂದಕ್ಕೆ ಕಲ್ಲು ತೂಗಿಬಿಟ್ಟ. ಈಗ ಪೆಡಲಿಗೆ ತೂಕ ಬಂತು. ಕಾಲು ಸಡಿಲವಾದಂತೆಲ್ಲ ಕಲ್ಲು ದೊಡ್ಡದಾಯಿತು.

ದಾರಿಯಲ್ಲಿ ಹೋಗುವ ಬೋಜಪ್ಪ ದಿನಾ ಕೂಗುವನು: “ಪೂವಯ್ಯಣ್ಣ, ಎಲ್ಲಿಗೆ ಮುಟ್ಟಿತು?”

“ಸೋಮವಾರಪೇಟೆ ದಾಟಿದೆ!”

“ಬರುವಾಗ ಸಂತೆಯಿಂದ ಒಣಮೀನು ತಾ ಮಾರಾಯ!”

ಮೊಣಕಾಲು ಮಡಚತೊಡಗಿತು. ಇಳಿಯುವ ವಿದ್ಯೆ ಮಾತ್ರ ಕೈಗೆ ಹತ್ತಲಿಲ್ಲ. ಪೊನ್ನಮ್ಮ ಕಂಕುಳಿಗೆ ಕೈಕೊಟ್ಟು, ಹಲಸಿನಕಾಯಿ ಇಳಿಸಿದಂತೆ ಇಳಿಸುತ್ತಿದ್ದಳು. ಅದು ಗಂಡ ಹೆಂಡಿರ ಗುಟ್ಟು.

ಹುತ್ತರಿಯ ಹುಣ್ಣಿಮೆ ಏರಿತು. ಪಟ್ಟಿಯಿಲ್ಲದ ಕೋವಿಯನ್ನು ಬಾಳೆನಾರಿನಲ್ಲಿ ಹೆಗಲಿಗೆ ತೂಗಿಸಿಕೊಂಡು ಬೆಳ್ಯಪ್ಪ ಮುಂದೆ, ಕುಡುಗೋಲು ಹಿಡಿದ ಪೂವಯ್ಯ ಹಿಂದೆ. ಗದ್ದೆಗಿಳಿದು ಅವನು ಮೊಣಕಾಲೂರಿದ. ಮಡಚಿತು! ಕೋವಿ ಢಂ ಎಂದಿತು. “ಪೊಲಿ ಪೊಲಿ ದೇವಾ!” ಎಂದು ಎಲ್ಲರೂ ಕೂಗುತ್ತಿದ್ದಂತೆ ಅವನು ಕದಿರು ಕೊಯ್ದ.

ಏಳಲು ಹೊರಟರೆ ಆಗಲಿಲ್ಲ. ಬೆಳೆ ಹೆಚ್ಚಲಿ ಎಂಬ ಆ ಪೊಲಿಯ ಕೂಗು ನಿಲ್ಲಿಸುವಂತಿಲ್ಲ, ಕದಿರು ಹಿಡಿದ ಕೈ ನೆಲಕ್ಕೂರುವಂತಿಲ್ಲ. ಬೆಳ್ಯಪ್ಪ ಕೋವಿ ಕೆಳಗಿಟ್ಟು ಹತ್ತಿರ ಬಂದ. “ಕೊಡು ಅಣ್ಣ.” ಅವನ ದನಿಯಲ್ಲಿ ಆಸೆಯಿರಲಿಲ್ಲ, ಮರುಕವಿತ್ತು. ಅದೇ ಪೂವಯ್ಯನಿಗೆ ತಡೆಯಲಾಗದ್ದು.

ಬದುವಿನ ಮೇಲಿಂದ ಪೊನ್ನಮ್ಮನ ಗಂಟಲು ಮೊಳಗಿತು: “ಇವರೇ, ತುಳೀರಿ! ಜಗಲಿ ಅಂದ್ಕೊಂಡು ತುಳೀರಿ!”

ಪೂವಯ್ಯ ಕಣ್ಣುಮುಚ್ಚಿ ತುಳಿದ. ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಕೆಸರು ಪಚಪಚ ಎಂದಿತು. ಮಣ್ಣು ಒಮ್ಮೆ ಹಿಡಿಯಿತು, ಒಮ್ಮೆ ಬಿಟ್ಟಿತು. ನೋಡನೋಡುತ್ತ ಸವಾರ ಗದ್ದೆಯ ನಡುವೆ ಎದ್ದು ನಿಂತಿದ್ದ, ಕದಿರು ತಲೆಯ ಮೇಲೆ.

“ಒಣಮೀನು ಎಲ್ಲಿ?” ಎಂದ ಗುಂಪಿನಲ್ಲಿದ್ದ ಬೋಜಪ್ಪ. ಬೆಳ್ಯಪ್ಪ ನಗುತ್ತಲೇ ಅಣ್ಣನ ಪಂಚೆಯ ಕೆಸರು ಕೊಡವಿದ.

ಮನೆಗೆ ಬಂದು ಕಂಬಕ್ಕೆ, ಕಣಜಕ್ಕೆ, ಬಾಗಿಲಿಗೆ ಕದಿರು ಕಟ್ಟಿದರು. ಒಂದೆಳೆ ಮಿಕ್ಕಿತು. ಪೂವಯ್ಯ ಅದನ್ನು ಜಗಲಿಯ ಸೈಕಲಿನ ಹ್ಯಾಂಡಲಿಗೆ ಬಿಗಿದ.

“ಅದಕ್ಕೂ ಪೊಲಿ ಬೇಕಾ?” ಎಂದಳು ಪೊನ್ನಮ್ಮ.

“ಅದು ಎಷ್ಟು ದೂರ ಕರಕೊಂಡು ಹೋಗಿದೆ ನೋಡು!” ಎಂದ ಪೂವಯ್ಯ.